ಹೊಲಿಗೆಯಿಲ್ಲದ ಟೋಪಿ: ಹಂಗೇರಿಯ ನೆಮೆಜ್ ಕೆಲಸ, ತುಪ್ಪಳದಿಂದ ತಲೆಯವರೆಗೆ

ನೂಲುವುದಿಲ್ಲ, ನೇಯುವುದಿಲ್ಲ, ಹೊಲಿಯುವುದೂ ಇಲ್ಲ. ಕುರಿಯ ಉಣ್ಣೆ, ಬಿಸಿನೀರು, ಸಾಬೂನು, ಎರಡು ಕೈ. ಇಷ್ಟರಿಂದಲೇ ಆಗುವ ದಪ್ಪ ಬಟ್ಟೆಗೆ ಹಂಗೇರಿಯಲ್ಲಿ ನೆಮೆಜ್ ಎನ್ನುತ್ತಾರೆ. ಅದರಿಂದ ಚಾಪೆ, ಚೀಲ, ಪಾದರಕ್ಷೆ, ಕುದುರೆಯ ತಡಿಯ ಕೆಳಗಿನ ಹಾಸು, ಆಟದ ಚೆಂಡು ಎಲ್ಲವೂ ಆಗುತ್ತವೆ. ಇಲ್ಲಿ ಹೇಳುತ್ತಿರುವುದು ಒಂದೇ ವಸ್ತುವಿನ ಕೆಲಸ: ಶ್ಯುವೆಗ್ ಎಂಬ ಎತ್ತರದ, ಅಂಚಿಲ್ಲದ ಟೋಪಿ. ಒಂದೇ ತುಂಡು, ಎಲ್ಲೂ ಜೋಡಣೆ ಇಲ್ಲ, ಹಣೆಯ ಮೇಲೆ ಒಂದು ಎಲೆಬಳ್ಳಿಯ ಚಿತ್ತಾರ. ಉಣ್ಣೆ ತೊಳೆದು ಹಿಂಜಿ ಇಟ್ಟಿದ್ದರೆ ಅರ್ಧ ದಿನದ ಕೆಲಸ, ಒಣಗಲು ಎರಡು ದಿನ.

ಈ ಕೆಲಸದಲ್ಲಿ ಬಲ ಹಾಕಬೇಕಾದ್ದು ಕೊನೆಗೆ. ಕೆಡುವ ಟೋಪಿಗಳಲ್ಲಿ ಬಹುಪಾಲು ನೀರು ಹಾಕಿದ ಮೊದಲ ಕಾಲು ಗಂಟೆಯಲ್ಲೇ ಕೆಟ್ಟಿರುತ್ತವೆ, ಕೆಟ್ಟದ್ದು ಗೊತ್ತಾಗುವುದು ಮಾತ್ರ ಕೊನೆಯ ಕಾಲು ಗಂಟೆಯಲ್ಲಿ. ಹೊಲಿದದ್ದನ್ನು ಬಿಚ್ಚಬಹುದು, ಹೆಣೆದದ್ದನ್ನು ಕಳಚಬಹುದು. ಒಮ್ಮೆ ಕೂಡಿಕೊಂಡ ಉಣ್ಣೆಯನ್ನು ಬಿಡಿಸಲು ಬರುವುದಿಲ್ಲ.

ಮೊದಲು ಒಂದು ಗೊಂದಲ ಕಳೆದುಬಿಡೋಣ. ಹಂಗೇರಿಯ ಕುರಿಗಾಹಿಗಳ ಚಿತ್ರಗಳಲ್ಲಿ ಹೆಗಲಿಂದ ನೆಲದವರೆಗೆ ಇಳಿಬಿದ್ದ, ಕಸೂತಿ ತುಂಬಿದ ದೊಡ್ಡ ನಿಲುವಂಗಿ ಕಾಣುತ್ತದಲ್ಲ, ಅದು ಸ್ಯೂರ್. ನೆಮೆಜ್ ಅಲ್ಲ. ಉಣ್ಣೆ ನೂತು, ಮಗ್ಗದಲ್ಲಿ ನೇಯ್ದು, ಆಮೇಲೆ ನೀರಿನ ಬಲದಿಂದ ನಡೆಯುವ ಕುಟ್ಟುಗಿರಣಿಯಲ್ಲಿ ಬಡಿದು ದಪ್ಪ ಮಾಡಿದ ಬಟ್ಟೆ ಅದು. ಲೆಕ್ಕಕ್ಕೆ ಹಿಡಿದರೆ ನಮ್ಮ ಕಂಬಳಿಯ ಕಡೆಯ ನೆಂಟ. ಅದರ ತೋಳಿಗೆ ಕೈ ತೂರಿಸುವ ರೂಢಿ ಇರಲಿಲ್ಲ, ಹೆಗಲ ಮೇಲೆ ಹೊದೆಯುತ್ತಿದ್ದರು. ತೋಳಿನ ತುದಿ ಹೊಲಿದು ಬುತ್ತಿ, ಸಾಮಾನು ಇಟ್ಟುಕೊಳ್ಳುವವರೂ ಇದ್ದರು. ಕಸೂತಿ ಹಾಕುತ್ತಿದ್ದವರು ಸ್ಯೂರ್‌ಸಬೋ ಎಂಬ ಗಂಡಸು ದರ್ಜಿಗಳು. 19ನೇ ಶತಮಾನದ ಆರಂಭದಲ್ಲಿ ಕೆಲವು ಜಿಲ್ಲಾಡಳಿತಗಳು ಈ ಅಲಂಕಾರ ದುಂದುವೆಚ್ಚ ಎಂದು ನಿಷೇಧಿಸಿದ್ದೂ ಉಂಟು. ಜನ ಬಿಡಲಿಲ್ಲ ಅನ್ನುವುದಕ್ಕೆ ಬುಡಾಪೆಸ್ಟ್‌ನ ಜನಾಂಗ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವ ಸ್ಯೂರ್‌ಗಳೇ ಸಾಕ್ಷಿ. ನೆಮೆಜ್ ಮಾಡುವವರು ಈ ಕಸೂತಿಯಿಂದ ಬಣ್ಣದ ಜೋಡಣೆಯನ್ನು ಎರವಲು ಪಡೆಯುತ್ತಾರೆ, ತಂತ್ರವನ್ನಲ್ಲ.

ಇನ್ನೊಂದು ಮಾತು. "ಸಾವಿರ ವರ್ಷದಿಂದ ಕಡಿಯದೆ ಬಂದ ಪರಂಪರೆ" ಎಂದು ಹೇಳಿ ಮಾರುವವರಿದ್ದಾರೆ. ಹಾಗಿಲ್ಲ. 895ರ ಸುಮಾರಿಗೆ ಹುಲ್ಲುಗಾವಲುಗಳಿಂದ ಕಾರ್ಪಾಥಿಯನ್ ಬಯಲಿಗೆ ಬಂದ ಮಜ್ಯಾರರಿಗೆ, ಅಂದರೆ ಹಂಗೇರಿಯನ್ನರ ಪೂರ್ವಜರಿಗೆ, ನೆಮೆಜ್ ಗೊತ್ತಿತ್ತು. ಆದರೆ ಮಣ್ಣಿನಲ್ಲಿ ಉಣ್ಣೆ ಉಳಿಯುವುದಿಲ್ಲ, ಲೋಹ ಉಳಿಯುತ್ತದೆ. ಮುಂದೆ ಊರುಗಳಲ್ಲಿ ಟೋಪಿ ಮಾಡುವವರ ಸಂಘಗಳು ಬೆಳೆದವು, ಉಣ್ಣೆಯಲ್ಲೂ ಮೊಲದ ರೋಮದಲ್ಲೂ ಟೋಪಿ ಮಾಡಿದವು. ಮನೆಯ ಅಂಗಳದಲ್ಲಿ ಚಾಪೆ ಸುತ್ತಿ ಮಾಡುವ ಕೆಲಸ ಮಾತ್ರ ಮರೆತೇ ಹೋಗಿತ್ತು. ದನ ಕಾಯುವ ಹುಡುಗರು ವಸಂತದಲ್ಲಿ ಹಸುವಿನ ಮೈಯಿಂದ ಉದುರುವ ಕೂದಲನ್ನು ಉಗುಳು ಹಚ್ಚಿ ಅಂಗೈಯಲ್ಲಿ ಉರುಳಿಸಿ ಚೆಂಡು ಮಾಡುತ್ತಿದ್ದರು. ಹಳ್ಳಿಗಳಲ್ಲಿ ಉಳಿದಿದ್ದ ತಂತುಗಳಲ್ಲಿ ಅದೂ ಒಂದು. 1970ರ ದಶಕದಲ್ಲಿ ಪಟ್ಟಣದ ಯುವಕರು ಹಳ್ಳಿಯ ಕುಣಿತ, ಹಾಡು, ಕೈಕೆಲಸಗಳತ್ತ ತಿರುಗಿದರು. 1972ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರುವಾದ ತಾನ್ಸ್‌ಹಾಜ್ ಕುಣಿತದ ಕೂಟಗಳು ಅದರ ಹೆಸರುವಾಸಿ ಭಾಗ. ಅದೇ ಅಲೆಯಲ್ಲಿ ಕೆಚ್‌ಕೆಮೇಟ್‌ನ ಮಾರಿ ನಾಜ್ ಮತ್ತು ಇಶ್ತ್ವಾನ್ ವಿದಾಕ್ ದಂಪತಿ ನೆಮೆಜ್ ಅನ್ನು ಮತ್ತೆ ಕೈಗೆತ್ತಿಕೊಂಡರು. ಕೆಲಸ ಇನ್ನೂ ಜೀವಂತವಾಗಿದ್ದ ತುರ್ಕಿ ಮತ್ತು ಮಧ್ಯ ಏಷ್ಯಾದ ಕುಶಲಿಗರ ಬಳಿ ನೋಡಿ ಕಲಿತು, ಬಂದು ಕಲಿಸಿದರು. ಇವತ್ತು ಹಂಗೇರಿಯಲ್ಲಿ ನಡೆಯುವ ಕೆಲಸ ಹೀಗೆ ಮರಳಿ ಕಟ್ಟಿಕೊಂಡದ್ದು. ಅದರಿಂದ ಅದರ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ಈಗ ಉಣ್ಣೆ.

ಹೊರ್ತೊಬಾಜ್ ಬಯಲಿನ ರಾತ್ಸ್ಕಾ ಕುರಿಯನ್ನು ಎಲ್ಲರೂ ಚಿತ್ರದಲ್ಲಿ ನೋಡಿರುತ್ತಾರೆ. ಗಂಡಿಗೂ ಹೆಣ್ಣಿಗೂ ತಿರುಪು ಕೊಂಬು, ನೆಟ್ಟಗೆ ಮೇಲಕ್ಕೆ. ನೋಡಲು ಬಲು ಚೆಂದ, ಟೋಪಿಗೆ ಅಷ್ಟಾಗಿ ಆಗದು. ಅದರ ತುಪ್ಪಳದಲ್ಲಿ ಎರಡು ಜಾತಿ ಎಳೆ ಇರುತ್ತದೆ: ಹೊರಗೆ ಒರಟಾದ ಉದ್ದ ಕೂದಲು, ಒಳಗೆ ಮೃದುವಾದ ಗಿಡ್ಡ ಉಣ್ಣೆ. ಹೊರಗಿನ ಕೂದಲು ಬೇಗ ಕೂಡಿಕೊಳ್ಳುವುದಿಲ್ಲ, ಹಣೆಗೆ ಚುಚ್ಚುತ್ತದೆ. ನೆಲಕ್ಕೆ ಹಾಸಲು, ತಡಿಯ ಕೆಳಗೆ ಹಾಸಲು ಅದು ಸರಿ. ಕರಿ ರಾತ್ಸ್ಕಾದ ಬಣ್ಣ ಮಾತ್ರ ಬೇರೆಲ್ಲೂ ಸಿಗುವುದಿಲ್ಲ. ಎಳೆಯ ಬುಡ ಕಡುಗಪ್ಪು, ಬಿಸಿಲು ತಾಗಿದ ತುದಿ ಕೆಂಗಂದು. ಚಿತ್ತಾರಕ್ಕೆ ಚೂರು ಬೇಕಾದರೆ ನಾವು ಉದ್ದ ಕೂದಲನ್ನು ಕೈಯಿಂದ ಎಳೆದು ತೆಗೆದು, ಒಳಗಿನ ಮೃದು ಉಣ್ಣೆಯನ್ನಷ್ಟೇ ಇಟ್ಟುಕೊಳ್ಳುತ್ತೇವೆ.

ಟೋಪಿಯ ಮೈಗೆ ಮೆರಿನೊ ಅಥವಾ ತ್ಸಿಗಾಯಾ ತಳಿಯ ಕುರಿಯ ಉಣ್ಣೆ. ಮೆರಿನೊ ನವಿರು, ಬೇಗ ಕೂಡುತ್ತದೆ, ಚುಚ್ಚುವುದಿಲ್ಲ. ಆದರೆ ಬರೀ ಮೆರಿನೊದ ಎತ್ತರದ ಟೋಪಿ ಮಳೆಯಲ್ಲಿ ನೆನೆದರೆ ಕುತ್ತಿಗೆ ಬಗ್ಗಿಸುತ್ತದೆ. ತ್ಸಿಗಾಯಾ ಸ್ವಲ್ಪ ಒರಟು, ಗಟ್ಟಿ ನಿಲ್ಲುತ್ತದೆ. ಒಳ ಎರಡು ಪದರ ಮೆರಿನೊ, ಹೊರ ಎರಡು ಪದರ ತ್ಸಿಗಾಯಾ ಹಾಕಿದರೆ ಎರಡರ ಗುಣವೂ ಸಿಗುತ್ತದೆ. ಸಾಧ್ಯವಾದರೆ ಶರತ್ಕಾಲದ ಕತ್ತರಿಯ ಉಣ್ಣೆ ಅಥವಾ ಮರಿಯ ಮೊದಲ ಉಣ್ಣೆ ತೆಗೆದುಕೊಳ್ಳಿ, ಎಳೆ ಗಿಡ್ಡ ಇದ್ದಷ್ಟು ಚೆನ್ನಾಗಿ ಹೆಣೆದುಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಡೆಕ್ಕನಿ ಕುರಿಯ ಉಣ್ಣೆಯಲ್ಲಿ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಅದರಲ್ಲಿ ಕೂದಲಿನ ಅಂಶ ಜಾಸ್ತಿ. ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡುವುದು ಸುಮ್ಮನೆ ಅಲ್ಲ. ಅರ್ಧಕ್ಕರ್ಧ ಮೆರಿನೊ ಬೆರೆಸಿ ಕೂರುವ ಹಾಸು ಮಾಡಬಹುದು, ಟೋಪಿಗೆ ಕೈ ಹಾಕದಿರುವುದೇ ವಾಸಿ.

ಹಸಿ ತುಪ್ಪಳ ತಂದರೆ ಮೊದಲು ಹೊಟ್ಟೆಯಡಿಯ, ಕಾಲಿನ, ಸಗಣಿ ಮೆತ್ತಿದ ಭಾಗಗಳನ್ನು ಕಿತ್ತು ಬಿಸಾಡಬೇಕು. ಉಳಿದದ್ದನ್ನು ರಾತ್ರಿಯಿಡೀ ತಣ್ಣನೆಯ ಮಳೆನೀರಿನಲ್ಲಿ ನೆನೆಹಾಕಿ. ಬೆವರಿನ ಉಪ್ಪು ಬಿಟ್ಟು ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಸೋಸಿ, 60 ಡಿಗ್ರಿ ಬಿಸಿಯ ಸಾಬೂನು ನೀರಿಗೆ ಅದ್ದಿ 20 ನಿಮಿಷ ಬಿಡಿ. ಕಲಕಬೇಡಿ, ಹಿಂಡಬೇಡಿ, ಮೇಲಿಂದ ನೀರು ಸುರಿಯಬೇಡಿ. ಒತ್ತಿ ಮುಳುಗಿಸುವುದು, ಎತ್ತುವುದು, ಅಷ್ಟೇ. ಜಾಲಾಡುವ ನೀರೂ ಅಷ್ಟೇ ಬಿಸಿ ಇರಬೇಕು. ಬಿಸಿಯಿಂದ ಎತ್ತಿ ನಲ್ಲಿಯ ತಣ್ಣೀರಿಗೆ ಹಾಕಿ ಕಲಕಿದರೆ ಬೋಗುಣಿಯಲ್ಲೇ ನೆಮೆಜ್ ಆಗಿಬಿಡುತ್ತದೆ. ಮೆರಿನೊದಲ್ಲಿ ತೂಕ ಹೆಚ್ಚುಕಡಿಮೆ ಅರ್ಧ ಇಳಿಯುತ್ತದೆ, ಕೊಳ್ಳುವಾಗ ಈ ಲೆಕ್ಕ ತಲೆಯಲ್ಲಿರಲಿ. ಜಿಡ್ಡನ್ನು ಪೂರಾ ತೆಗೆಯುವ ಹಟ ಬೇಡ. ಬೆರಳಿಗೆ ತುಸು ಮೇಣ ಹತ್ತಿದಂತೆ ಅನ್ನಿಸಿದರೆ ಒಳ್ಳೆಯದೇ. ಆದರೆ ಅಂಟಂಟಾಗಿದ್ದರೆ ನೀರು ಒಳಗಿಳಿಯುವುದಿಲ್ಲ, ಪದರಗಳು ಸೇರುವುದಿಲ್ಲ.

ನೆರಳಲ್ಲಿ ಒಣಗಿಸಿ, ಬೆರಳಲ್ಲಿ ಹಿಂಜಿ, ಮುಳ್ಳುಹಲಗೆಯ ಮೇಲೆ ಬಾಚಿ ಹಾಳೆಯಾಗಿ ಎತ್ತಿಡಬೇಕು. ಈ ಭಾಗಕ್ಕೆ ಹೊತ್ತು ಹೋಗುತ್ತದೆ, ಹೇಳುವುದಕ್ಕೆ ಹೆಚ್ಚೇನಿಲ್ಲ. ಹುಲ್ಲುಬೀಜ ಉಳಿದರೆ ಟೋಪಿಯ ಮೇಲೆ ಉಳಿಯುತ್ತದೆ, ಗಂಟು ಉಳಿದರೆ ಗಂಟಾಗಿಯೇ ಉಳಿಯುತ್ತದೆ.

ಬಣ್ಣ ಹಾಕುವುದಾದರೆ ಈ ಹಂತದಲ್ಲೇ. ಹಸಿರು ಆಕ್ರೋಟಿನ ಸಿಪ್ಪೆಗೆ ಪಟಿಕ ಬೇಡ, 100 ಗ್ರಾಂ ಉಣ್ಣೆಗೆ 200 ಗ್ರಾಂ ಸಿಪ್ಪೆ ರಾತ್ರಿಯಿಡೀ ನೆನೆಸಿ ಕುದಿಸಿ ಸೋಸಿದರೆ ಕಂದು ಬಣ್ಣ ಗಟ್ಟಿಯಾಗಿ ಕೂರುತ್ತದೆ. ಕೆಂಪಿಗೆ ಮಂಜಿಷ್ಠದ ಬಳಗದ ಬೇರು, ಮೊದಲು 15 ಗ್ರಾಂ ಪಟಿಕದಲ್ಲಿ ಉಣ್ಣೆಯನ್ನು ಒಂದು ಗಂಟೆ ಕಾಯಿಸಿಕೊಂಡು. ಬೇರಿನ ನೀರು 70 ಡಿಗ್ರಿ ದಾಟಿದರೆ ಕೆಂಪು ಹೋಗಿ ಇಟ್ಟಿಗೆ ಕಂದಾಗುತ್ತದೆ. ನೀರು ತಿಳಿಯಾಗುವವರೆಗೆ ಜಾಲಾಡದೆ ಬಿಳಿ ಉಣ್ಣೆಯ ಪಕ್ಕ ಕೆಂಪಿಟ್ಟರೆ ಟೋಪಿಯೆಲ್ಲ ಗುಲಾಬಿ.

ಅಳತೆಗೆ ಬರೋಣ. ಉಣ್ಣೆ ಎಷ್ಟು ಕುಗ್ಗುತ್ತದೆ ಎಂದು ಗೊತ್ತಿಲ್ಲದೆ ಟೋಪಿ ಶುರುಮಾಡುವಂತಿಲ್ಲ. ಪ್ರತಿ ಹೊಸ ಮೂಟೆಗೂ ನಾವು ಒಂದು ಮಾದರಿ ಮಾಡುತ್ತೇವೆ: 30 ಸೆಂ.ಮೀ. ಚೌಕ, ನಾಲ್ಕು ಪದರ, ಒಟ್ಟು 27 ಗ್ರಾಂ. ಅದನ್ನು ಕೊನೆಯವರೆಗೂ ಬಡಿದು ಮುಗಿಸಿದಾಗ 21 ಸೆಂ.ಮೀ. ಬಂದರೆ ಕುಗ್ಗುವಿಕೆ ಶೇ. 30. ಅದು ಟೋಪಿಗೆ ಹದವಾದ ಉಣ್ಣೆ. 24ಕ್ಕೇ ನಿಂತು ಮುಂದೆ ಹೋಗದಿದ್ದರೆ ಉಣ್ಣೆ ಒರಟು, ಬೇರೆ ಕೆಲಸಕ್ಕೆ ಇಡಿ.

ತಲೆಯ ಸುತ್ತಳತೆ 57 ಸೆಂ.ಮೀ. ಇದೆಯೆನ್ನಿ. ಮಟ್ಟಸವಾಗಿ ಮಲಗಿಸಿದ ಟೋಪಿಯ ಅಗಲ ಅದರರ್ಧ, 28.5. ಅದನ್ನು 0.7ರಿಂದ ಭಾಗಿಸಿದರೆ ಸುಮಾರು 41. ಎತ್ತರ 26, ಕೆಳಗೆ ಮಡಚಿ ಮೇಲೆತ್ತಲು 6, ಒಟ್ಟು 32, ಅದನ್ನೂ 0.7ರಿಂದ ಭಾಗಿಸಿದರೆ 46. ಈ ಅಳತೆಗೆ, ಮೇಲ್ಭಾಗ ಗುಂಡಗೆ ಇರುವ ಒಂದು ಹಾಳೆ ಕತ್ತರಿಸಬೇಕು. ಮರದ ನೆಲಹಾಸಿನ ಕೆಳಗೆ ಹಾಕುವ 2–3 ಮಿ.ಮೀ. ಫೋಮ್ ಹಾಳೆ ಇದಕ್ಕೆ ಬಲು ಚೆನ್ನ: ನೀರು ಹೀರುವುದಿಲ್ಲ, ಅಂಚು ಬೆರಳಿಗೆ ಸಿಗುತ್ತದೆ. ಇದನ್ನು ನಡುಹಾಳೆ ಎಂದು ಕರೆಯೋಣ. ಟೋಪಿಯ ಮುಂಭಾಗ ಮತ್ತು ಹಿಂಭಾಗ ಒಂದಕ್ಕೊಂದು ಅಂಟಿಕೊಳ್ಳದಂತೆ ನಡುವೆ ಇರುವುದು ಇದೇ. ಮೂಲೆಗಳು ಚೂಪಾಗಿದ್ದರೆ ಟೋಪಿಗೆ ಕಿವಿ ಮೂಡುತ್ತದೆ, ಗುಂಡಗೆ ಕತ್ತರಿಸಿ.

ಉಣ್ಣೆ ಒಟ್ಟು 110 ಗ್ರಾಂ. ನಾಲ್ಕು ಪದರ, ಎರಡು ಬದಿ, ಅಂದರೆ ಎಂಟು ಪಾಲು, ಒಂದೊಂದು ಸುಮಾರು 14 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಎಂಟು ಗುಡ್ಡೆ ಮಾಡಿಟ್ಟುಕೊಳ್ಳಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ: ಮೊದಲ ಬದಿಗೆ ಎಲ್ಲರೂ ಧಾರಾಳ, ಎರಡನೆಯ ಬದಿಗೆ ಜಿಪುಣರು.

ಚಿತ್ತಾರಕ್ಕೆ ಬೇರೆ ತಯಾರಿ. ಬಿಡಿ ಉಣ್ಣೆಯಿಂದ ಎಲೆ ಬಿಡಿಸಿದರೆ ಅಂಚು ಚೆದುರುತ್ತದೆ. ಅದಕ್ಕೇ ಮೊದಲು ತೆಳುವಾದ ಅರೆಹದದ ಹಾಳೆ ಮಾಡಿಕೊಳ್ಳಬೇಕು: 30 ಸೆಂ.ಮೀ. ಚೌಕಕ್ಕೆ ಅಡ್ಡ ಒಂದು, ಉದ್ದ ಒಂದು, ಎರಡೇ ಪದರ, 10 ಗ್ರಾಂ. ಸಾಬೂನು ನೀರು ಚಿಮುಕಿಸಿ ಅಂಗೈಯಲ್ಲಿ ಮೆಲ್ಲಗೆ ಸವರಿ, ಒಂದು ಮೂಲೆ ಹಿಡಿದೆತ್ತಿದರೆ ಹರಿಯದೆ ಬರುವಷ್ಟಾದಾಗ ನಿಲ್ಲಿಸಿ. ಇಲ್ಲಿ ಒಂದು ನಿಮಿಷ ಹೆಚ್ಚಾದರೂ ತೊಂದರೆ. ಹೆಚ್ಚು ಬಲಿತ ಹಾಳೆಯ ಎಳೆಗಳು ಆಗಲೇ ತಮ್ಮತಮ್ಮಲ್ಲೇ ಬಿಗಿದುಕೊಂಡಿರುತ್ತವೆ, ಟೋಪಿಯ ಮೈಗೆ ಕಾಲೂರಲು ಬಿಡಿ ತುದಿಗಳೇ ಇರುವುದಿಲ್ಲ. ಮುಗಿದ ಮೇಲೆ ಎಲೆ ಉಗುರಲ್ಲಿ ಕಿತ್ತು ಬರುತ್ತದೆ, ಇಲ್ಲವೇ ಸುತ್ತಲಿನ ಮೈ ಕುಗ್ಗಿ ಎಲೆ ಮಾತ್ರ ಉಬ್ಬಿ ಸುಕ್ಕಾಗುತ್ತದೆ. ಕಡಿಮೆ ಬಲಿತರೆ ಕತ್ತರಿ ಇಟ್ಟಲ್ಲಿ ಎಳೆ ಜಗ್ಗುತ್ತದೆ.

ಹಂಗೇರಿಯಲ್ಲಿ ಎಲ್ಲರಿಗೂ ಇಷ್ಟವಾದ ಆಕಾರ ಪಾಮೆಟ್, ನಡುವೆ ಒಂದು ಮೊಗ್ಗು, ಇಕ್ಕೆಲದಲ್ಲೂ ಸುರುಳಿಗೊಂಡ ಎಲೆ. ಇದು ಬಂದದ್ದು ಬಟ್ಟೆಯಿಂದಲ್ಲ, ಬೆಳ್ಳಿಯಿಂದ. 10ನೇ ಶತಮಾನದ ಮಜ್ಯಾರ್ ಯೋಧರ ಸೊಂಟದ ಚೀಲದ ಮೇಲಿನ ಲೋಹದ ತಗಡುಗಳಲ್ಲಿ ಈ ಎಲೆಬಳ್ಳಿ ತುಂಬಿಕೊಂಡಿರುತ್ತದೆ. ಈಗ ಸ್ಲೊವಾಕಿಯಾದಲ್ಲಿರುವ ಗಲ್ಗೋತ್ಸ್‌ನಲ್ಲಿ 1868ರಲ್ಲಿ ಸಿಕ್ಕಿದ ತಗಡು ಅವುಗಳಲ್ಲಿ ಪ್ರಸಿದ್ಧ. ತಗಡಿನ ಗೆರೆ ಕೂದಲೆಳೆಯಷ್ಟು ಸಣ್ಣ. ಉಣ್ಣೆಗೆ ಅದು ಆಗಿಬರುವುದಿಲ್ಲ. ನಡುಹಾಳೆಯ ಮೇಲೆ 1 ಸೆಂ.ಮೀ. ಅಗಲದ ದಂಟು ಕೊನೆಗೆ 7 ಮಿ.ಮೀ. ಆಗುತ್ತದೆ. ಅದಕ್ಕಿಂತ ಸಣ್ಣದು ಉಜ್ಜುವಾಗ ತಿರುಚಿಕೊಳ್ಳುತ್ತದೆ. ಸುರುಳಿಯ ಒಳಗಿನ ಖಾಲಿ ಜಾಗವನ್ನೂ ಅಷ್ಟೇ ಅಗಲ ಬಿಡಿ, ಇಲ್ಲದಿದ್ದರೆ ಕುಗ್ಗಿದಾಗ ಮುಚ್ಚಿಹೋಗುತ್ತದೆ. 20 ಸೆಂ.ಮೀ. ಎತ್ತರಕ್ಕೆ ಕತ್ತರಿಸಿದ ಪಾಮೆಟ್ ಟೋಪಿಯ ಮೇಲೆ 14 ಉಳಿಯುತ್ತದೆ.

ಟೋಪಿಯನ್ನು ನಾವು ಒಳಮೈ ಹೊರಗಾಗಿ ಮಾಡುತ್ತೇವೆ. ಚಿತ್ತಾರವನ್ನು ನಡುಹಾಳೆಯ ಮೇಲೆ ಮೊದಲು ಇಟ್ಟು, ಅದರ ಮೇಲೆ ಉಣ್ಣೆ ಹಾಸಿ, ಕೊನೆಗೆ ತಿರುವಿ ಹಾಕಿದಾಗ ಚಿತ್ತಾರ ಹೊರಗೆ ಬರುತ್ತದೆ. ಹೀಗೆ ಮಾಡಿದರೆ ಮೇಲಿನ ಉಣ್ಣೆಯ ಭಾರವೇ ಚಿತ್ತಾರವನ್ನು ಹಿಡಿದಿಡುತ್ತದೆ, ಉಜ್ಜುವ ಕೈ ನೇರ ತಾಗುವುದಿಲ್ಲ. ತಾಪತ್ರಯ ಒಂದೇ, ಏನಾಗುತ್ತಿದೆ ಎಂದು ಕಾಣುವುದಿಲ್ಲ. ಎಡ ಬಲ ಒಂದೇ ತರಹ ಇಲ್ಲದ ಆಕೃತಿಯಾದರೆ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿ ಇಡಬೇಕು. ಪದರಗಳ ಕ್ರಮವೂ ಹೀಗೇ ಮಗುಚಿ: ಹೊರಮೈಯಾಗಬೇಕಾದ ತ್ಸಿಗಾಯಾ ಮೊದಲು, ಮೆರಿನೊ ಕೊನೆಗೆ.

ಹಾಸುವುದು ಹೀಗೆ. ಮೇಜಿನ ಮೇಲೆ ಜೊಂಡಿನ ಚಾಪೆ, ಅದರ ಮೇಲೆ ನಡುಹಾಳೆ, ಅದರ ಮೇಲೆ ತುಸು ನೆನೆಸಿದ ಚಿತ್ತಾರ. ಉಣ್ಣೆಯ ಹಾಳೆಯನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಬಲಗೈಯ ಬೆರಳುಗಳಡಿ ತುದಿ ಒತ್ತಿ ತೆಳುವಾದ ಎಸಳು ಎಳೆದು ಇಡುತ್ತಾ ಹೋಗಬೇಕು, ಹೆಂಚು ಹೊದಿಸಿದ ಹಾಗೆ ಒಂದರ ತುದಿ ಮುಂದಿನದರ ಕೆಳಗೆ. ಮೊದಲ ಪದರ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬದಿಗಳಲ್ಲೂ ತಲೆಯ ಕಡೆಯೂ ನಡುಹಾಳೆಯಿಂದ 1.5–2 ಸೆಂ.ಮೀ. ಹೊರಚಾಚಬೇಕು, ಬಾಯಿಯ ಕಡೆ ಚಾಚುವುದು ಬೇಡ. ಹೊರಚಾಚಿದ ಭಾಗ ಆದಷ್ಟೂ ತೆಳು ಇರಲಿ. ಎರಡು ಪದರ ಹಾಕಿದ ಮೇಲೆ ಅಂಗೈ ಮಟ್ಟಸ ಇಟ್ಟು ಒತ್ತಿ ನೋಡಿ. ಮೆದುವಾಗಿ ತಗ್ಗುವ ಜಾಗ ಸಿಕ್ಕಿದರೆ ಅಲ್ಲಿ ಉಣ್ಣೆ ಕಡಿಮೆ. ಈಗ ತುಂಬಬಹುದು. ನೀರು ಬಿದ್ದ ಮೇಲೆ ಹಾಕಿದ ತೇಪೆ ತೇಪೆಯಾಗಿಯೇ ಕಾಣುತ್ತದೆ.

ಸಾಬೂನು ಯಾವುದು? ಹಂಗೇರಿಯ ಹಳ್ಳಿಮನೆಗಳಲ್ಲಿ ಹಂದಿ ಕಡಿದ ಮೇಲೆ ಉಳಿದ ಕೊಬ್ಬಿನಿಂದ ಕಾಯಿಸಿದ ಮನೆಸಾಬೂನೇ ಇದಕ್ಕೆ ರೂಢಿ. ಆಲಿವ್ ಎಣ್ಣೆಯ ಸಾಬೂನು, ತೆಂಗಿನೆಣ್ಣೆಯ ಬಾರ್ ಸಾಬೂನು ಯಾವುದೂ ಆದೀತು. ಬೇಕಾದ್ದು ತುಸು ಕ್ಷಾರ, ತುಸು ಜಾರು. ಉಣ್ಣೆಯ ಎಳೆಯ ಮೇಲೆ ಬುಡದಿಂದ ತುದಿಯ ಕಡೆ ಮುಖಮಾಡಿದ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿ ಮತ್ತು ಕ್ಷಾರಕ್ಕೆ ಅವು ಬಿಚ್ಚಿಕೊಳ್ಳುತ್ತವೆ. ಉಜ್ಜಿದಾಗ ಎಳೆ ಬುಡದ ದಿಕ್ಕಿಗೆ ಮಾತ್ರ ಜರುಗುತ್ತದೆ, ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ. ಪಾತ್ರೆ ತೊಳೆಯುವ ದ್ರಾವಣದಲ್ಲಿ ನೊರೆ ಬೇಗ ಬರುತ್ತದೆ, ಜಾರು ನಿಲ್ಲುವುದಿಲ್ಲ. 50 ಗ್ರಾಂ ತುರಿದ ಸಾಬೂನನ್ನು ಒಂದು ಲೀಟರ್ ಕುದಿನೀರಿನಲ್ಲಿ ಕರಗಿಸಿಟ್ಟರೆ ಲೋಳೆಯಾಗುತ್ತದೆ, ಅದರಲ್ಲಿ ಎರಡು ದೊಡ್ಡ ಚಮಚ ಒಂದು ಲೀಟರ್ ಬಿಸಿನೀರಿಗೆ. ಕೊಳವೆಬಾವಿಯ ಗಡಸು ನೀರಾದರೆ ಸಾಬೂನು ಒಡೆದು ಬಿಳಿ ಕೆನೆ ಉಣ್ಣೆಗೆ ಮೆತ್ತಿಕೊಳ್ಳುತ್ತದೆ. ಹಂಗೇರಿಯ ಬಯಲಿನಲ್ಲೂ ಇದೇ ಗೋಳು, ಅಲ್ಲೂ ಮಳೆನೀರೇ ಉಪಾಯ.

ಹಾಸಿದ ಉಣ್ಣೆಯ ಮೇಲೆ ಹಳೆಯ ಬಲೆಪರದೆ ಹೊದಿಸಿ 40–45 ಡಿಗ್ರಿಯ ಸಾಬೂನು ನೀರು ಚಿಮುಕಿಸಬೇಕು, ಎರಡು ಪದರಕ್ಕೆ ಸುಮಾರು 150 ಮಿ.ಲೀ. ನಡುವಿನಿಂದ ಅಂಚಿನತ್ತ ಒತ್ತಿ ಗಾಳಿ ಹೊರಡಿಸಿ. ಬೆರಳ ಸಂದಿಯಲ್ಲಿ ನೀರು ಮಿನುಗಬೇಕು, ಮೇಜಿನಿಂದ ತೊಟ್ಟಿಕ್ಕಬಾರದು. ನೀರು ಹೆಚ್ಚಾದರೆ ಎಳೆಗಳು ತೇಲುತ್ತವೆ, ಒಂದಕ್ಕೊಂದು ತಾಗುವುದೇ ಇಲ್ಲ; ಒಣಬಟ್ಟೆ ಒತ್ತಿ ಹೀರಿಸಿ. ಈಗ ಇಡಿಯನ್ನು ಮಗುಚಿ, ಹೊರಚಾಚಿದ ಅಂಚನ್ನು ನಡುಹಾಳೆಯ ಮೇಲೆ ಬಿಗಿಯಾಗಿ ಮಡಚಿ. ಗುಂಡನೆಯ ತಲೆಭಾಗದಲ್ಲಿ ಅಂಚು ನೆರಿಗೆ ಹಿಡಿಯುತ್ತದೆ. ನೆರಿಗೆಯನ್ನು ಒದ್ದೆ ಬೆರಳಲ್ಲಿ ಎಳೆದು ತೆಳುಮಾಡಿ ಹರಡಬೇಕು, ಬಿಟ್ಟರೆ ಟೋಪಿಯ ನೆತ್ತಿಯಲ್ಲಿ ಗೀರು ಉಳಿಯುತ್ತದೆ. ಆಮೇಲೆ ಈ ಬದಿಗೂ ಎರಡು ಪದರ, ನೀರು, ಮಗುಚುವುದು, ಮಡಚುವುದು. ಮೂರನೆಯ ನಾಲ್ಕನೆಯ ಪದರಗಳೂ ಹೀಗೇ. ಸಡಿಲ ಬಿಟ್ಟು ಮಡಚಿದರೆ ಅಂಚಿನುದ್ದಕ್ಕೂ ಒಂದು ದಿಬ್ಬ ಏಳುತ್ತದೆ. ಹೊಸಬರ ಟೋಪಿಯನ್ನು ದೂರದಿಂದಲೇ ಗುರುತು ಹಿಡಿಯುವುದು ಈ ದಿಬ್ಬದಿಂದ.

ಮುಂದಿನದು ಅತಿ ಮೆತ್ತನೆಯ, ಅತಿ ಬೇಸರದ, ಅತಿ ಮುಖ್ಯವಾದ ಹಂತ. ಬಲೆಪರದೆಯ ಮೇಲೆ ಅಂಗೈಗೆ ಸಾಬೂನು ಸವರಿ ಸಣ್ಣ ಸುತ್ತುಗಳಲ್ಲಿ ಸವರುವುದು, ಒಂದೊಂದು ಬದಿಗೆ ಸುಮಾರು 20 ನಿಮಿಷ. ಮೊದಲ ಐದು ನಿಮಿಷ ಕೈಯ ಭಾರವೂ ಬೀಳಬಾರದು. ಪರದೆಯನ್ನು ಆಗಾಗ ಎತ್ತಿ ಬಿಡಿಸದಿದ್ದರೆ ಎಳೆಗಳು ಅದರ ಕಣ್ಣುಗಳಲ್ಲೇ ಹೊಕ್ಕು ಬೆಳೆಯುತ್ತವೆ. ಅವಸರದಲ್ಲಿ ಒತ್ತಿ ಉಜ್ಜಿದರೆ ಮೇಲಿನ ಪದರ ಮಾತ್ರ ಜರುಗಿ ತನ್ನಷ್ಟಕ್ಕೆ ಕೂಡಿಕೊಳ್ಳುತ್ತದೆ, ಕೆಳಗಿನದು ಹಾಗೇ ಉಳಿಯುತ್ತದೆ. ಆ ಟೋಪಿ ಒಂದೆರಡು ತಿಂಗಳಲ್ಲಿ ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಪದರ ಬಿಡುತ್ತದೆ. ನಡುಹಾಳೆಯ ಅಂಚುಗಳ ಮೇಲೆ ಹೊರಗಿನಿಂದ ಒಳಕ್ಕೆ ಮಾತ್ರ ಕೈಯಾಡಿಸಿ. ಒಳಗಿನಿಂದ ಹೊರಕ್ಕೆ ತಳ್ಳಿದರೆ ಅಂಚು ಅಗಲವಾಗಿ ಬಾಯಿಬಿಡುತ್ತದೆ.

ಆಯಿತೋ ಇಲ್ಲವೋ ಎಂದು ಚಿವುಟಿ ನೋಡುವುದು ಪದ್ಧತಿ. ಹೆಬ್ಬೆರಳು ತೋರುಬೆರಳಲ್ಲಿ ಮೈಯನ್ನು ಚಿವುಟಿ ಎತ್ತಿ. ನಾಲ್ಕಾರು ಎಳೆ ಮಾತ್ರ ಎದ್ದರೆ ಇನ್ನೂ ಆಗಿಲ್ಲ. ಇಡೀ ಮೈ ಚರ್ಮದಂತೆ ಒಟ್ಟಾಗಿ ಎದ್ದರೆ ಆಯಿತು. ನಡುವೆ ಆಗಿ, ಬಾಯಿಯ ಹತ್ತಿರ ಆಗದಿರುವುದು ಸಾಮಾನ್ಯ. ಕೈ ಎಲ್ಲರಿಗೂ ನಡುವಿಗೇ ಹೋಗುತ್ತದೆ.

ಇನ್ನು ಚಾಪೆ. ಟೋಪಿಯನ್ನು ಜೊಂಡಿನ ಚಾಪೆಯಲ್ಲಿ ಬಿಗಿಯಾಗಿ ಸುತ್ತಿ, ಎರಡು ಕಡೆ ಕಟ್ಟಿ, ಮೊಣಕೈವರೆಗಿನ ತೋಳಿನ ಭಾರ ಹಾಕಿ ಹಿಂದೆ ಮುಂದೆ ಉರುಳಿಸುವುದು. 100 ಸಲ ಉರುಳಿಸಿ, ಬಿಚ್ಚಿ, ಸುಕ್ಕು ನೇವರಿಸಿ, ಕಾಲುಭಾಗ ತಿರುಗಿಸಿ ಮತ್ತೆ ಸುತ್ತಿ. ನಾಲ್ಕು ದಿಕ್ಕಿಗೂ ಆದ ಮೇಲೆ ಮಗುಚಿ ಮತ್ತೆ ನಾಲ್ಕು ದಿಕ್ಕು. ಉರುಳಿಸಿದ ದಿಕ್ಕಿಗೇ ಉಣ್ಣೆ ಕುಗ್ಗುತ್ತದೆ. ಈ ಒಂದು ಮಾತು ಕೈಗೆ ಹತ್ತಿದರೆ ಟೋಪಿಯ ಆಕಾರವೆಲ್ಲ ನಿಮ್ಮ ವಶ. ಎತ್ತರ ಸರಿಯಾಗಿದೆ, ಅಗಲ ಹೆಚ್ಚಿದೆ ಎಂದರೆ ಅಗಲದ ದಿಕ್ಕಿಗೆ ಮಾತ್ರ ಸುತ್ತಿ ಉರುಳಿಸಿ. ಎಲ್ಲ ದಿಕ್ಕಿಗೂ ಸಮ ಉರುಳಿಸದೆ ಬಿಟ್ಟರೆ ಕೊಡೆಯಂಥ ಟೋಪಿ, ಇಲ್ಲವೇ ಕಾಲುಚೀಲ.

ನಡುಹಾಳೆಯ ಅಂಚುಗಳು ಒಳಗೇ ಮಡಚಿಕೊಂಡು ಮುದುರತೊಡಗಿದರೆ ಟೋಪಿ ಅದಕ್ಕಿಂತ ಚಿಕ್ಕದಾಗಿದೆ ಎಂದರ್ಥ. ಈಗ ಬಾಯಿಯೊಳಗೆ ಕೈಹಾಕಿ ಹಾಳೆಯನ್ನು ಹೊರಗೆಳೆಯಿರಿ. ತಡಮಾಡಿದರೆ ಮುದುರಿದ ಜಾಗದಲ್ಲಿ ಉಣ್ಣೆಯೂ ಮುದುರಿ ಮಡಿಕೆ ಕಾಯಂ ಆಗುತ್ತದೆ. ತೆಗೆದ ಕೂಡಲೇ ಟೋಪಿಯನ್ನು ಕಾಲು ಸುತ್ತು ತಿರುಗಿಸಿ ಮಲಗಿಸಿ, ಪಕ್ಕದಲ್ಲಿದ್ದ ಅಂಚು ಈಗ ನಡುವೆ ಬರಲಿ. ಆ ಅಂಚುಗಳ ಒಳಗೆ ಒಂದು ಕೈ, ಮೇಲೆ ಒಂದು ಕೈ ಇಟ್ಟು ಐದಾರು ನಿಮಿಷ ಉಜ್ಜಿದರೆ ಚಿಕ್ಕ ದಿಬ್ಬಗಳು ಕರಗುತ್ತವೆ. ದೊಡ್ಡವು ಕರಗುವುದಿಲ್ಲ. ಆಮೇಲೆ ಟೋಪಿಯನ್ನು ತಿರುವಿ ಹಾಕಿ. ಚಿತ್ತಾರ ಮೊದಲ ಬಾರಿ ಕಾಣುವುದು ಆಗಲೇ. ಎಲೆಯ ತುದಿ ಎಲ್ಲಾದರೂ ಎದ್ದಿದ್ದರೆ ಸಾಬೂನಿನ ಲೋಳೆ ಹಚ್ಚಿ ಬೆರಳತುದಿಯಲ್ಲಿ ಉಜ್ಜಿ ಕೂರಿಸಬೇಕು. ಕೂರಲೊಲ್ಲದಿದ್ದರೆ ಸೂಜಿ ನೂಲು. ಅದರಲ್ಲಿ ನಾಚಿಕೆಯೇನಿಲ್ಲ.

ಇಲ್ಲಿಯವರೆಗೆ ಶೇ. 10–15 ಕುಗ್ಗಿರುತ್ತದೆ. ಉಳಿದದ್ದಕ್ಕೆ ಬಲ ಬೇಕು, ಈಗ ಧಾರಾಳವಾಗಿ ಹಾಕಬಹುದು. 50–60 ಡಿಗ್ರಿ ನೀರಿನಲ್ಲಿ ಅದ್ದಿ ಹಿಂಡಿ, ರೊಟ್ಟಿಹಿಟ್ಟಿನ ಥರ ನಾದಿ, ಒಂದಡಿ ಎತ್ತರದಿಂದ ಮೇಜಿಗೆ ಎಸೆಯಿರಿ, ಬಟ್ಟೆ ಉಜ್ಜುವ ಗೀರುಹಲಗೆಯ ಮೇಲೆ ಉಜ್ಜಿ. ಹತ್ತು ಹತ್ತು ಎಸೆತಕ್ಕೊಮ್ಮೆ ಬಿಚ್ಚಿ ಎಳೆದು ನೋಡದಿದ್ದರೆ ಮಡಿಕೆಗಳು ಒಂದಕ್ಕೊಂದು ಅಂಟುತ್ತವೆ. ಕೈ ಸೋಲುವ ಹೊತ್ತಿಗೆ ಮೈ ಸಣ್ಣ ಸಣ್ಣ ಹರಳುಗಟ್ಟಿದಂತೆ ಕಾಣುತ್ತದೆ. ಅದು ಹದ ಬಂದ ಗುರುತು. ಅಳತೆಪಟ್ಟಿ ಇಟ್ಟು ಬಾಯಿಯ ಸುತ್ತಳತೆ 56 ಬಂದಾಗ ನಿಲ್ಲಿಸಿ, ಒಂದು ಸೆಂ.ಮೀ. ಮರದ ಅಚ್ಚಿನ ಮೇಲೆ ಎಳೆದು ಪಡೆಯುವುದು. ಗುರಿಗಿಂತ ದೊಡ್ಡದಿರುವಾಗಲೇ ದಣಿದು ಬಿಟ್ಟ ಟೋಪಿ ಅಚ್ಚಿನ ಮೇಲೆ ಸರಿ ಕಾಣುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಜೋತುಬೀಳುತ್ತದೆ. ಬೆರಳಿಂದ ಒತ್ತಿ ತಗ್ಗು ಮಾಡಿದರೆ ತಾನಾಗಿ ಎದ್ದು ಬರುವಷ್ಟು ಬಿಗಿ ಇರಬೇಕು. ದಪ್ಪ ಸುಮಾರು 3 ಮಿ.ಮೀ.

ಸಾಬೂನು ಉಳಿಯಬಾರದು. ನೀರು ತಿಳಿಯಾಗುವವರೆಗೆ ಜಾಲಾಡಿ, ಕೊನೆಗೆ 5 ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ಬಿಡಿ. ಕ್ಷಾರ ಉಳಿದ ಉಣ್ಣೆ ಕಾಲಕ್ರಮೇಣ ಹಳದಿಯಾಗಿ ಬಿರುಸಾಗುತ್ತದೆ, ಬೆವರು ತಾಗಿದಾಗ ವಾಸನೆ ಬೇರೆ. ಒಣಬಟ್ಟೆಯಲ್ಲಿ ಸುತ್ತಿ ಹಿಂಡಿ, 57ರ ಮರದ ಅಚ್ಚಿಗೆ ಎಳೆದು ಹಾಕಿ, ಪಾತ್ರೆಯ ಹಬೆ ಹಿಡಿದು ಕೈಯಿಂದ ತೀಡಿ ಆಕಾರ ಕೊಡಬೇಕು. ಕೆಳಗಿನ 6 ಸೆಂ.ಮೀ. ಮೇಲಕ್ಕೆ ಮಡಚಿ ದಾರದಲ್ಲಿ ಬಿಗಿದಿಡಿ. ಅಚ್ಚಿಲ್ಲದವರು ತಲೆಯಳತೆಯ ಪಾತ್ರೆಯನ್ನು ಬೋರಲು ಹಾಕಿ ಮೇಲೆ ಟವೆಲ್ ಸುತ್ತಿಕೊಳ್ಳುತ್ತಾರೆ, ನಡೆಯುತ್ತದೆ. ಒಲೆಯ ಹತ್ತಿರ, ಬಿಸಿಲಲ್ಲಿ ಇಟ್ಟರೆ ಒಂದು ಮಗ್ಗುಲು ಬೇಗ ಒಣಗಿ ಟೋಪಿ ಸೊಟ್ಟಗಾಗುತ್ತದೆ. ಗಾಳಿಯಾಡುವ ನೆರಳಲ್ಲಿ ಎರಡು ದಿನ. ಮೇಲೆದ್ದ ಬಿಡಿ ಎಳೆಗಳನ್ನು ಸಣ್ಣ ಜ್ವಾಲೆಯಲ್ಲಿ ಸರಕ್ಕನೆ ಹಾಯಿಸಿ ಸುಡಬಹುದು, ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಕರಕಲನ್ನು ಬ್ರಷ್‌ನಿಂದ ಉದುರಿಸಿದರೆ ಹೋಗುತ್ತದೆ. ಬಿಳಿ ಟೋಪಿಗೆ ಇದು ಬೇಡ, ಕಂದು ಮಸುಕು ಉಳಿಯುತ್ತದೆ.

ಎತ್ತಿಡುವಾಗ ನುಸಿಯ ಕಾಟ ನೋಡಿಕೊಳ್ಳಬೇಕು. ಬಟ್ಟೆನುಸಿಯ ಮರಿಗೆ ಉಣ್ಣೆಯಷ್ಟೇ ಅದರಲ್ಲಿನ ಬೆವರು, ಎಣ್ಣೆಯೂ ಪ್ರಿಯ. ಹಾಕಿಕೊಂಡ ಟೋಪಿಯನ್ನು ಹಾಗೇ ಪೆಟ್ಟಿಗೆಗೆ ಹಾಕಬಾರದು. ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ −18 ಡಿಗ್ರಿಯಲ್ಲಿ ಎರಡು ವಾರ. ಅಳತೆ ತುಸು ಬಿಗಿಯಾಯಿತು ಎಂದರೆ ಹಬೆ ಹಿಡಿದು 57ನ್ನು 58ಕ್ಕೆ ಎಳೆಯಬಹುದು. 59ರ ತಲೆಗೆ ಅದನ್ನೇ ಜಗ್ಗಲು ಹೋದರೆ ಮೈ ತೆಳುವಾಗಿ, ಮೊದಲ ಒದ್ದೆಗೇ ಮತ್ತೆ ಹಳೆಯ ಅಳತೆಗೆ ಬರುತ್ತದೆ. ಅದಕ್ಕೆ 42 ಸೆಂ.ಮೀ. ಅಗಲದ ಬೇರೆ ನಡುಹಾಳೆಯನ್ನೇ ಕತ್ತರಿಸಬೇಕು.